ಔಷಧ ಇರುವುದು ಗಿಡದಲ್ಲೋ, ಯುಕ್ತಿಯಲ್ಲೋ

ಗಿಡಮೂಲಿಕೆಯ ಮೊದಲ ಪಾಠ ಕಲಿಯುವವರಿಗಾಗಿ ಬರೆದ ಕೈಪಿಡಿಗಳು ಬಹುಮಟ್ಟಿಗೆ ಒಂದೇ ಜಾಡಿನಲ್ಲಿ ಸಾಗುತ್ತವೆ: ಗಿಡದ ಹೆಸರು, ಅದರ ಚಿತ್ರ, ಬಳಸಬೇಕಾದ ಭಾಗ, ಅನಂತರ ಅದು ಶಮನ ಮಾಡುವ ರೋಗಗಳ ಪಟ್ಟಿ. ಕೆಮ್ಮಿಗೆ ತುಳಸಿ, ಕಾಮಾಲೆಗೆ ನೆಲನೆಲ್ಲಿ, ಅಜೀರ್ಣಕ್ಕೆ ಓಮ ಎಂದು ಹೇಳಿ ಮುಗಿಸುವ ಈ ಕ್ರಮ ಉಪಯುಕ್ತವಾದದ್ದೇ ಆದರೂ ಅದರ ಬೆನ್ನಿಗೆ ಪರೀಕ್ಷೆಗೆ ಒಳಗಾಗದ ಒಂದು ತಾತ್ವಿಕ ಗ್ರಹಿಕೆಯಿದೆ. ಔಷಧತ್ವವೆಂಬುದು ಗಿಡದ ಒಳಗೇ ನೆಲೆಸಿರುವ ಸ್ವಭಾವ, ಗಿಡವನ್ನು ಕಿತ್ತು ಅರೆದು ಕುಡಿದರೆ ಆ ಸ್ವಭಾವ ತಾನಾಗಿ ದೇಹಕ್ಕೆ ಇಳಿಯುತ್ತದೆ ಎಂಬುದೇ ಆ ಗ್ರಹಿಕೆ. ಆಯುರ್ವೇದದ ಮೂಲಗ್ರಂಥಗಳನ್ನು ತೆರೆದು ನೋಡಿದರೆ, ಈ ನಾಡಿನ ವೈದ್ಯಚಿಂತಕರು ಇಷ್ಟು ಸುಲಭದ ಉತ್ತರಕ್ಕೆ ಒಪ್ಪಿರಲಿಲ್ಲವೆಂಬುದೂ, ಗಿಡವು ಮದ್ದಾಗುವುದು ಯಾವ ಅರ್ಥದಲ್ಲಿ ಎಂಬ ಪ್ರಶ್ನೆಯನ್ನು ಅವರು ರೋಗಗಳ ಪಟ್ಟಿಗಿಂತ ಮೊದಲೇ ಎತ್ತಿಕೊಂಡಿದ್ದರೆಂಬುದೂ ತಿಳಿಯುತ್ತದೆ.

ಚರಕಸಂಹಿತೆಯ ಸೂತ್ರಸ್ಥಾನದ 26ನೆಯ ಅಧ್ಯಾಯದಲ್ಲಿ ಆತ್ರೇಯ ಪುನರ್ವಸುವಿನ ಬಾಯಿಂದ ಬರುವ ಒಂದು ಮಾತು ಈ ಚರ್ಚೆಗೆ ಬುನಾದಿಯಾಗಿದೆ. ಜಗತ್ತಿನಲ್ಲಿ ಔಷಧವಲ್ಲದ ದ್ರವ್ಯವೇ ಇಲ್ಲ ಎಂಬುದು ಅದರ ಮೊದಲ ಭಾಗ. ಇದನ್ನು ಭಾಷಣಗಳಲ್ಲಿಯೂ ಔಷಧಿಯ ಜಾಹೀರಾತುಗಳಲ್ಲಿಯೂ ಧಾರಾಳವಾಗಿ ಉದ್ಧರಿಸಲಾಗುತ್ತದೆ. ಉದ್ಧರಿಸುವವರು ಸಾಮಾನ್ಯವಾಗಿ ಕೈಬಿಡುವ ಎರಡನೆಯ ಭಾಗದಲ್ಲಿ ಆಚಾರ್ಯನು ಎರಡು ಷರತ್ತುಗಳನ್ನು ಹಾಕಿದ್ದಾನೆ: ಆಯಾ ಯುಕ್ತಿಯನ್ನೂ ಆಯಾ ಅರ್ಥವನ್ನೂ ಲೆಕ್ಕಕ್ಕೆ ತೆಗೆದುಕೊಂಡಾಗ ಮಾತ್ರ ಈ ಮಾತು ಸಲ್ಲುತ್ತದೆ. ಅರ್ಥವೆಂದರೆ ಸಾಧಿಸಬೇಕಾದ ಪ್ರಯೋಜನ. ಯುಕ್ತಿಯೆಂದರೆ ಪ್ರಮಾಣ, ಕಾಲ, ಸಂಯೋಗ, ಸಂಸ್ಕಾರ, ರೋಗಿಯ ಬಲ ಮತ್ತು ವಯಸ್ಸು ಇವೆಲ್ಲವನ್ನೂ ಕೂಡಿಸಿ ನೋಡಿದ ಯೋಜನೆ. ಷರತ್ತುಗಳನ್ನು ಸೇರಿಸಿ ಓದಿದರೆ ವಾಕ್ಯದ ತಾತ್ಪರ್ಯವೇ ತಿರುಗಿಬಿಡುತ್ತದೆ. ಎಲ್ಲವೂ ಔಷಧವೆಂದರೆ ಯಾವುದೂ ತನ್ನಷ್ಟಕ್ಕೆ ಔಷಧವಲ್ಲವೆಂದೇ ಆಯಿತು; ಔಷಧತ್ವವು ಗಿಡ, ದೇಹ, ಕಾಲ ಮತ್ತು ಬಲ್ಲವನ ಬುದ್ಧಿ ಇವುಗಳ ನಡುವೆ ಏರ್ಪಡುವ ಸಂಬಂಧವಾಯಿತು.

ಬೌದ್ಧ ವಿನಯಪಿಟಕದ ಮಹಾವಗ್ಗದಲ್ಲಿ ಬರುವ ಜೀವಕನ ಕಥೆಯೂ ಇದೇ ದಿಕ್ಕಿನದು. ತಕ್ಷಶಿಲೆಯಲ್ಲಿ ಏಳು ವರ್ಷ ವೈದ್ಯವನ್ನು ಕಲಿತ ಜೀವಕನಿಗೆ ಅವನ ಗುರುವು, ಊರಿನ ಸುತ್ತ ಒಂದು ಯೋಜನದ ಒಳಗೆ ಅಲೆದು ಔಷಧವಲ್ಲದ ಏನನ್ನಾದರೂ ಹುಡುಕಿ ತರಬೇಕೆಂದು ಆಜ್ಞಾಪಿಸುತ್ತಾನೆ. ಸನಿಕೆ ಹಿಡಿದು ಸುತ್ತಿ ಬಂದ ಶಿಷ್ಯನು ಅಂಥದ್ದೇನೂ ಕಾಣಲಿಲ್ಲವೆಂದಾಗ, ಕಲಿಕೆ ಮುಗಿಯಿತೆಂದು ಹೇಳಿ ದಾರಿಖರ್ಚು ಕೊಟ್ಟು ಕಳುಹಿಸುತ್ತಾನೆ. ಸಸ್ಯಸಂಪತ್ತಿನ ಹೊಗಳಿಕೆಯೆಂದು ಈ ಕಥೆಯನ್ನು ಓದುವ ರೂಢಿಯಿದೆ. ಆದರೆ ಗುರು ಪರೀಕ್ಷಿಸಿದ್ದು ಕಾಡನ್ನಲ್ಲ, ಶಿಷ್ಯನ ಕಣ್ಣನ್ನು. ಅದೇ ದಾರಿಯಲ್ಲಿ ನಡೆದ ಬೇರೊಬ್ಬನಿಗೆ ಕಾಲಿಗೆ ತೊಡರುವ ಕಳೆಯೇ ಹೆಚ್ಚಾಗಿ ಕಂಡಿರುತ್ತಿತ್ತು.

ಯುಕ್ತಿಗೆ ಚರಕಸಂಹಿತೆಯು ಕೊಟ್ಟಿರುವ ಸ್ಥಾನ ದರ್ಶನಶಾಸ್ತ್ರದ ದೃಷ್ಟಿಯಿಂದಲೂ ಗಮನಾರ್ಹವಾಗಿದೆ. ಸೂತ್ರಸ್ಥಾನದ 11ನೆಯ ಅಧ್ಯಾಯದಲ್ಲಿ ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರರ ಜೊತೆಗೆ ಯುಕ್ತಿಯನ್ನು ನಾಲ್ಕನೆಯ ಪ್ರಮಾಣವೆಂದು, ಅಂದರೆ ಸರಿಯಾದ ಅರಿವನ್ನು ಪಡೆಯುವ ಸ್ವತಂತ್ರ ಸಾಧನವೆಂದು ಹೇಳಲಾಗಿದೆ. ಹಲವು ಕಾರಣಗಳು ಕೂಡಿಬಂದಾಗ ಏನು ಹುಟ್ಟುತ್ತದೆಂಬುದನ್ನು ಕಾಣುವ ಬುದ್ಧಿಯೇ ಯುಕ್ತಿ. ನೀರು, ಉಳುಮೆ, ಬೀಜ, ಋತು ಇವು ಕೂಡಿದರೆ ಬೆಳೆ ಬರುತ್ತದೆಂಬ ರೈತನ ತಿಳಿವಳಿಕೆಯನ್ನು ಗ್ರಂಥವೇ ಉದಾಹರಣೆಯಾಗಿ ಕೊಡುತ್ತದೆ. ಎಂಟನೆಯ ಶತಮಾನದ ಬೌದ್ಧ ತಾರ್ಕಿಕ ಶಾಂತರಕ್ಷಿತನು ತನ್ನ ತತ್ತ್ವಸಂಗ್ರಹದಲ್ಲಿ ಈ ನಾಲ್ಕನೆಯ ಪ್ರಮಾಣವನ್ನು ಎತ್ತಿಕೊಂಡು, ಅದಕ್ಕೆ ಪ್ರತ್ಯೇಕ ಅಸ್ತಿತ್ವವಿಲ್ಲವೆಂದು ಖಂಡಿಸಿದ್ದಾನೆ. ತರ್ಕದ ಕಣದಲ್ಲಿ ಅವನ ವಾದಕ್ಕೆ ಬಲವಿದ್ದೀತು. ಆದರೆ ರೋಗಿಯ ಮುಂದೆ ಕುಳಿತ ವೈದ್ಯನಿಗೆ ಹೊಗೆಯಿಂದ ಬೆಂಕಿಯನ್ನು ಊಹಿಸುವ ಏಕರೇಖೆಯ ಅನುಮಾನ ಸಾಕಾಗುವುದಿಲ್ಲ. ಹತ್ತಾರು ಅನಿಶ್ಚಿತ ಕಾರಣಗಳನ್ನು ಒಟ್ಟಿಗೆ ತೂಗಬೇಕಾದ ಕಸುಬಿನವರಿಗೆ ಅಂಥ ತೂಗುವಿಕೆಗೆ ಒಂದು ಬೇರೆ ಹೆಸರು ಬೇಕೆನಿಸಿದ್ದು ಸಹಜವಾಗಿಯೇ ಇದೆ.

ಸಂಬಂಧವೇ ಔಷಧವೆಂಬ ಈ ನಿಲುವಿಗೆ ಕರಿಗೇರಿಗಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ. ಸಂಸ್ಕೃತದಲ್ಲಿ ಭಲ್ಲಾತಕವೆನ್ನಿಸಿಕೊಳ್ಳುವ ಈ ಮರದ ಬೀಜದಲ್ಲಿರುವ ಕಪ್ಪು ಎಣ್ಣೆಯು ಬಟ್ಟೆಗೆ ತಗುಲಿದರೆ ಒಗೆದರೂ ಹೋಗುವುದಿಲ್ಲವಾದ್ದರಿಂದ ಅಗಸರು ಅದನ್ನು ಗುರುತು ಹಾಕಲು ಬಳಸುತ್ತಿದ್ದರು. ಅದೇ ಎಣ್ಣೆ ಚರ್ಮಕ್ಕೆ ತಗುಲಿದರೆ ಬೊಕ್ಕೆಗಳೆದ್ದು ಉರಿಯುತ್ತದೆ. ಬೀಜದ ತೊಟ್ಟನ್ನು ತೆಗೆದು, ಇಟ್ಟಿಗೆಯ ಪುಡಿಯಲ್ಲಿ ಹಾಕಿ ಚೆನ್ನಾಗಿ ಉಜ್ಜಿ, ಆ ಪುಡಿ ಎಣ್ಣೆಯನ್ನು ಹೀರಿಕೊಂಡ ಮೇಲೆ ತೊಳೆದು ಬಳಸುವ ವಿಧಾನಕ್ಕೆ ಶೋಧನವೆಂದು ಹೆಸರು. ಹೀಗೆ ಶೋಧಿಸಿದ ಕರಿಗೇರನ್ನು ಚರಕಸಂಹಿತೆಯ ಚಿಕಿತ್ಸಾಸ್ಥಾನವು ರಸಾಯನಗಳ ಸಾಲಿನಲ್ಲಿ, ಎಂದರೆ ದೇಹಧಾತುಗಳನ್ನು ಪೋಷಿಸಿ ಮುಪ್ಪನ್ನು ಹಿಂದೂಡುವ ಮದ್ದುಗಳ ಸಾಲಿನಲ್ಲಿ ಕೂರಿಸುತ್ತದೆ. ಬೆಂಕಿಯಂತೆ ತೀಕ್ಷ್ಣವಾದ ವಸ್ತು ವಿಧಿಯರಿತು ಬಳಸಿದಾಗ ಅಮೃತಸಮಾನವಾಗುತ್ತದೆಂದು ಅಲ್ಲಿ ಹೇಳಿದೆ. ಸೂತ್ರಸ್ಥಾನದ ಮೊದಲ ಅಧ್ಯಾಯವಂತೂ ಇದರ ಇನ್ನೊಂದು ಮಗ್ಗುಲನ್ನೂ ಬಿಡದೆ, ತಿಳಿಯದೆ ಬಳಸಿದ ಔಷಧವನ್ನು ವಿಷಕ್ಕೂ ಶಸ್ತ್ರಕ್ಕೂ ಸಿಡಿಲಿಗೂ ಸಮೀಕರಿಸುತ್ತದೆ. ಗಿಡಮೂಲಿಕೆಯಿಂದ ಲಾಭವಾಗದಿದ್ದರೂ ನಷ್ಟವಿಲ್ಲವೆಂದು ಇಂದು ಮನೆಮನೆಯಲ್ಲಿ ಕೇಳಿಬರುವ ಮಾತಿಗೆ ಆಯುರ್ವೇದದಲ್ಲಿ ಆಧಾರವಿಲ್ಲ. ಅದು ತೀರ ಈಚಿನ ಕಾಲದ ನಂಬಿಕೆ, ಮಾತ್ರೆಗಳ ಮೇಲಿನ ಭಯದಿಂದ ಹುಟ್ಟಿದ್ದು.

ಸಂಬಂಧದ ಮಾತು ಹೀಗಾದರೆ, ದ್ರವ್ಯದ ಸ್ವಂತದ್ದೆಂಬುದು ಏನೂ ಇಲ್ಲವೇ? ಇದೆ, ಮತ್ತು ಅದನ್ನು ಅರಿಯುವ ಮೊದಲ ಉಪಕರಣ ನಾಲಿಗೆ. ಮೇಲೆ ಹೇಳಿದ 26ನೆಯ ಅಧ್ಯಾಯವು ಚೈತ್ರರಥವೆಂಬ ವನದಲ್ಲಿ ಸೇರಿದ ಋಷಿಗಳ ವಾದದಿಂದ ಆರಂಭವಾಗುತ್ತದೆ. ರಸವೊಂದೇ ಎಂದು ಭದ್ರಕಾಪ್ಯ, ಎರಡೆಂದು ಶಾಕುಂತೇಯ, ಮೂರೆಂದು ಪೂರ್ಣಾಕ್ಷ, ನಾಲ್ಕೆಂದು ಹಿರಣ್ಯಾಕ್ಷ, ಹೀಗೆ ಒಬ್ಬೊಬ್ಬರು ಒಂದೊಂದು ಸಂಖ್ಯೆಯನ್ನು ಮಂಡಿಸುತ್ತ ಹೋಗಿ, ಕೊನೆಗೆ ಬಾಹ್ಲೀಕ ದೇಶದ ಕಾಂಕಾಯನನು ರಸಗಳು ಅಸಂಖ್ಯವೆಂದು ಹೇಳುತ್ತಾನೆ. ಆತ್ರೇಯನು ಆರು ಎಂದು ನಿರ್ಣಯಿಸುತ್ತಾನೆ: ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು. ಪಂಚಭೂತಗಳ ಸಿದ್ಧಾಂತದ ಪ್ರಕಾರ ಪ್ರತಿಯೊಂದು ರಸದಲ್ಲಿಯೂ ಎರಡೆರಡು ಭೂತಗಳು ಮಿಗಿಲಾಗಿರುತ್ತವೆ. ಸಿಹಿಯಲ್ಲಿ ಪೃಥ್ವಿಯೂ ನೀರೂ, ಖಾರದಲ್ಲಿ ವಾಯುವೂ ಅಗ್ನಿಯೂ, ಕಹಿಯಲ್ಲಿ ವಾಯುವೂ ಆಕಾಶವೂ ಹೆಚ್ಚಾಗಿರುವುದರಿಂದ, ನಾಲಿಗೆಯ ಮೇಲೆ ಬಿದ್ದ ರುಚಿಯು ಆ ವಸ್ತುವಿನ ಭೌತಿಕ ರಚನೆಯ ಸುಳಿವನ್ನು ಕೊಡುತ್ತದೆ. ಇದರ ಮುಂದಿನ ಹೆಜ್ಜೆಯಲ್ಲಿ ವೀರ್ಯ, ಅಂದರೆ ಉಷ್ಣ ಅಥವಾ ಶೀತವೆಂಬ ಕಾರ್ಯಶಕ್ತಿಯೂ, ವಿಪಾಕ, ಅಂದರೆ ಜೀರ್ಣವಾದ ಬಳಿಕ ದ್ರವ್ಯ ತಾಳುವ ಪರಿಣಾಮರಸವೂ ಬರುತ್ತವೆ.

ಈ ವ್ಯವಸ್ಥೆ ನೋಡಲು ಅಚ್ಚುಕಟ್ಟಾಗಿದೆ. ಆದರೆ ಅದನ್ನು ಕಟ್ಟಿದವರೇ ಅದರ ಬಿರುಕುಗಳನ್ನು ಬಚ್ಚಿಡದೆ ತೋರಿಸಿದ್ದಾರೆಂಬುದು ಹೆಚ್ಚಿನ ಮಾತು. ಹುಳಿಯಾದದ್ದು ಉಷ್ಣವಾಗಿರಬೇಕೆಂಬ ನಿಯಮವಿದ್ದರೂ ನೆಲ್ಲಿಕಾಯಿ ಹುಳಿಯಾಗಿದ್ದೂ ಶೀತ. ಕಹಿಯಾದದ್ದು ಶೀತವೆಂದಿದ್ದರೂ ಅಮೃತಬಳ್ಳಿ ಕಹಿಯಾಗಿದ್ದೂ ಉಷ್ಣ. ಖಾರವಾದದ್ದು ಜೀರ್ಣವಾದ ಮೇಲೂ ಖಾರವಾಗಿಯೇ ಪರಿಣಮಿಸಬೇಕಾದರೂ ಹಿಪ್ಪಲಿ ಮತ್ತು ಶುಂಠಿ ಸಿಹಿಯಾಗಿ ಪರಿಣಮಿಸುತ್ತವೆ. ಇವುಗಳೆಲ್ಲಕ್ಕಿಂತ ತೊಡಕಿನದು ಚಿತ್ರಮೂಲ ಮತ್ತು ದಂತಿಯ ಪ್ರಕರಣ: ಎರಡರ ರಸವೂ ಖಾರ, ವಿಪಾಕವೂ ಖಾರ, ವೀರ್ಯವೂ ಉಷ್ಣ, ಆದರೂ ದಂತಿ ಭೇದಿ ಮಾಡಿಸುತ್ತದೆ, ಚಿತ್ರಮೂಲ ಮಾಡಿಸುವುದಿಲ್ಲ. ರಸ, ವೀರ್ಯ, ವಿಪಾಕಗಳಲ್ಲಿ ಸಮವಾಗಿದ್ದೂ ಕಾರ್ಯದಲ್ಲಿ ತೋರುವ ಇಂಥ ಭಿನ್ನತೆಗೆ ಪ್ರಭಾವವೆಂದು ಹೆಸರಿಟ್ಟು, ಅದನ್ನು ಅಚಿಂತ್ಯವೆಂದು, ಎಂದರೆ ತರ್ಕದಿಂದ ಬಗೆಯಲಾಗದ್ದೆಂದು ಚರಕನು ಒಪ್ಪಿಕೊಂಡಿದ್ದಾನೆ. ಸುಶ್ರುತಸಂಹಿತೆಯ ಸೂತ್ರಸ್ಥಾನದ 40ನೆಯ ಅಧ್ಯಾಯವು ದ್ರವ್ಯ, ರಸ, ವೀರ್ಯ, ವಿಪಾಕಗಳಲ್ಲಿ ಯಾವುದು ಪ್ರಧಾನವೆಂಬ ವಾದವನ್ನು ನಡೆಸಿ, ದ್ರವ್ಯವಿಲ್ಲದೆ ಉಳಿದವುಗಳಿಗೆ ನೆಲೆಯಿಲ್ಲವೆಂದು ತೋರಿಸಿ, ಕೊನೆಗೆ ಅಂಬಷ್ಠಾದಿಯೆಂಬ ಭೇದಿ ನಿಲ್ಲಿಸುವ ಗುಂಪಿನ ಮದ್ದುಗಳಿಂದ ಸಾವಿರ ಹೇತುಗಳನ್ನು ಒಡ್ಡಿದರೂ ಭೇದಿ ಮಾಡಿಸಲಾಗದು ಎಂಬ ಚಾಟಿಯೇಟಿನಂಥ ಮಾತನ್ನು ಆಡುತ್ತದೆ. ಪ್ರಭಾವವೆಂಬುದು ಅಜ್ಞಾನಕ್ಕೆ ಕೊಟ್ಟ ಗೌರವದ ಹೆಸರೆಂದು ಆಧುನಿಕ ವಿಮರ್ಶಕನೊಬ್ಬ ಹಾಸ್ಯ ಮಾಡಬಹುದು, ಮತ್ತು ಆ ಹಾಸ್ಯದಲ್ಲಿ ಹುರುಳಿಲ್ಲದೆಯೂ ಇಲ್ಲ. ಆದರೆ ತನ್ನ ಸಿದ್ಧಾಂತಕ್ಕೆ ಒಗ್ಗದ ಗಿಡವನ್ನು ಪಟ್ಟಿಯಿಂದ ತೆಗೆದುಹಾಕದೆ, ಸಿದ್ಧಾಂತದ ಗಡಿಯನ್ನೇ ಅಲ್ಲಿಗೆ ಎಳೆದ ಪ್ರಾಮಾಣಿಕತೆ ದೊಡ್ಡದು.

ಇಪ್ಪತ್ತನೆಯ ಶತಮಾನದ ರಸಾಯನಶಾಸ್ತ್ರವು ಇದೇ ಪ್ರಶ್ನೆಗೆ ನೇರವಾದ ಉತ್ತರ ಕೊಟ್ಟಿತು: ಔಷಧ ಇರುವುದು ಗಿಡದಲ್ಲಿಯೂ ಅಲ್ಲ, ಗಿಡದೊಳಗಿನ ಒಂದು ಅಣುವಿನಲ್ಲಿ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆಂದು ಮುಂಬಯಿಯ ವೈದ್ಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಹೃದ್ರೋಗ ಪತ್ರಿಕೆಯೊಂದರಲ್ಲಿ ಪ್ರಕಟಿಸಿದ ಬರಹ ಹೊರಜಗತ್ತಿನ ಗಮನ ಸೆಳೆಯಿತು. 1952ರಲ್ಲಿ ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ವಿಜ್ಞಾನಿಗಳು ಆ ಬೇರಿನಿಂದ ರಿಸರ್ಪಿನ್ ಎಂಬ ಸಾರವನ್ನು ಬೇರ್ಪಡಿಸಿದರು. ಬೇರ್ಪಡಿಸಿದ ಅಣುವೂ ಯುಕ್ತಿಯ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ: ಪ್ರಮಾಣ ಮೀರಿದಾಗ ಕೆಲವು ರೋಗಿಗಳಲ್ಲಿ ಅದು ಖಿನ್ನತೆಯನ್ನು ಉಂಟುಮಾಡುವುದು ಕಂಡುಬಂದು ಅದರ ಬಳಕೆ ಕ್ರಮೇಣ ಇಳಿಯಿತು.

ಗಿಡವನ್ನು ಬಲ್ಲೆನೆಂದರೆ ಏನನ್ನು ಬಲ್ಲಂತೆ ಎಂಬ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ಕಾಡಿನಲ್ಲಿ ಅಲೆಯುವ ಆಡು ಕಾಯುವವರು, ಕುರುಬರು, ದನಗಾಹಿಗಳು ಮತ್ತು ಇತರ ವನವಾಸಿಗಳು ಮೂಲಿಕೆಗಳ ನಾಮರೂಪಗಳನ್ನು ಬಲ್ಲರೆಂದು ಚರಕಸಂಹಿತೆಯ ಮೊದಲ ಅಧ್ಯಾಯ ಗೌರವದಿಂದಲೇ ಹೇಳಿ, ನಾಮರೂಪಗಳ ಅರಿವಷ್ಟರಿಂದಲೇ ಮೂಲಿಕೆಯ ಯೋಗವನ್ನು, ಅಂದರೆ ಬಳಕೆಯ ಮರ್ಮವನ್ನು ಯಾರೂ ತಿಳಿಯಲಾರರೆಂದು ಸೇರಿಸುತ್ತದೆ. ಆ ಕಾಲಕ್ಕೆ ನಾಮರೂಪಗಳು ಕೆಳಗಿನ ಮೆಟ್ಟಿಲಾಗಿದ್ದವು. ಪಟ್ಟಣದ ಇಂದಿನ ಓದುಗನಿಗೆ ಆ ಕೆಳಗಿನ ಮೆಟ್ಟಿಲೇ ಏರಲಾಗದಷ್ಟು ಎತ್ತರವಾಗಿದೆ. ಮಲೆನಾಡಿನ ಮನೆಗಳಲ್ಲಿ ತಂಬುಳಿಗೆ ಬಳಸುವ ಒಂದೆಲಗವನ್ನೇ ಹಲವರು ಬ್ರಾಹ್ಮಿಯೆಂದು ಕರೆಯುತ್ತಾರೆ. ಗ್ರಂಥಗಳನ್ನು ಬಲ್ಲ ಬಹುಪಾಲು ವಿದ್ವಾಂಸರು ಒಂದೆಲಗವನ್ನು ಮಂಡೂಕಪರ್ಣಿಯೆಂದೂ, ಜೌಗುನೆಲದಲ್ಲಿ ಹಬ್ಬುವ, ದಪ್ಪನೆಯ ಕಿರಿ ಎಲೆಯ ನೀರುಬ್ರಾಹ್ಮಿಯನ್ನು ಬ್ರಾಹ್ಮಿಯೆಂದೂ ಗುರುತಿಸುತ್ತಾರೆ. ಶಂಖಪುಷ್ಪಿಯ ಹೆಸರಿಗಂತೂ ವಿಷ್ಣುಕ್ರಾಂತಿಯೂ ಸೇರಿದಂತೆ ಮೂರು ನಾಲ್ಕು ಗಿಡಗಳು ಹಕ್ಕುದಾರರಾಗಿವೆ. 2021ರಲ್ಲಿ ಮುಂಬಯಿಯ ವೈದ್ಯರು ಅಮೃತಬಳ್ಳಿಯನ್ನು ಸೇವಿಸಿದ ಕೆಲವರಲ್ಲಿ ಯಕೃತ್ತಿನ ಹಾನಿಯಾಗಿದೆಯೆಂದು ವರದಿ ಮಾಡಿದಾಗ, ಕೇಂದ್ರದ ಆಯುಷ್ ಸಚಿವಾಲಯವು ಸೇವಿಸಿದ ಬಳ್ಳಿ ಯಾವ ಜಾತಿಯದೆಂಬುದನ್ನು ಖಚಿತಪಡಿಸಿಕೊಂಡಿಲ್ಲವೆಂದೂ, ಅದೇ ಕುಲದ ಬೇರೊಂದು ಬಳ್ಳಿಯನ್ನು ತಪ್ಪಾಗಿ ಬಳಸಿರುವ ಸಾಧ್ಯತೆಯಿದೆಯೆಂದೂ ಆಕ್ಷೇಪಿಸಿತು. ವಿವಾದದಲ್ಲಿ ಯಾರ ಪಕ್ಷ ಸರಿಯೆಂಬುದು ಹಾಗಿರಲಿ, ಹರಡಿಕೊಂಡಿದ್ದ ಮನೆಮದ್ದೊಂದರ ಬಗೆಗೆ ಇಬ್ಬರೂ ಎತ್ತಬೇಕಾಗಿ ಬಂದ ಪ್ರಶ್ನೆ ಆಡು ಕಾಯುವವನು ಉತ್ತರಿಸಬಹುದಾದಂಥದು.

ಇಲ್ಲಿಯವರೆಗಿನ ವಿಚಾರದಲ್ಲಿ ಗಿಡವು ದ್ರವ್ಯವಾಗಿ, ಅಂದರೆ ಬಳಕೆಯ ವಸ್ತುವಾಗಿ ಮಾತ್ರ ಕಾಣಿಸಿಕೊಂಡಿತು. ಇದಕ್ಕಿಂತ ಹಳೆಯದಾದ, ಈಗಲೂ ಬದುಕಿರುವ ಇನ್ನೊಂದು ದೃಷ್ಟಿಯಲ್ಲಿ ಅದು ದೇವತೆ. ಋಗ್ವೇದದ ಹತ್ತನೆಯ ಮಂಡಲದ 97ನೆಯ ಸೂಕ್ತವು 23 ಋಕ್ಕುಗಳಲ್ಲಿ ಓಷಧಿಗಳನ್ನೇ ಸಂಬೋಧಿಸುತ್ತದೆ: ಅವು ತಾಯಂದಿರು, ದೇವತೆಗಳಿಗಿಂತ ಮೂರು ಯುಗ ಮೊದಲು ಹುಟ್ಟಿದವರು, ಸೋಮನನ್ನು ರಾಜನಾಗಿ ಉಳ್ಳವರು, ರಾಜರು ಸಭೆಯಲ್ಲಿ ಸೇರುವಂತೆ ಯಾರಲ್ಲಿ ಓಷಧಿಗಳು ಸೇರುತ್ತವೆಯೋ ಅವನೇ ವೈದ್ಯ. ಅದೇ ಸೂಕ್ತದಲ್ಲಿ ವೈದ್ಯನು ಕುದುರೆ, ಹಸು, ಬಟ್ಟೆ ದೊರೆಯಲೆಂದು ಹಾರೈಸಿಕೊಳ್ಳುವುದನ್ನೂ ಕಾಣಬಹುದಾದ್ದರಿಂದ, ಭಕ್ತಿಯೂ ಜೀವನೋಪಾಯವೂ ಅಂದಿನಿಂದಲೇ ಜೊತೆಗೆ ನಡೆದುಬಂದಿವೆಯೆನ್ನಬೇಕು. ಇವೆಲ್ಲಕ್ಕಿಂತ ಮನಸ್ಸಿಗೆ ತಾಗುವುದು, ಬೇರನ್ನು ಅಗೆಯುವವನಿಗೂ ಯಾರಿಗಾಗಿ ಅಗೆಯಲಾಗುತ್ತಿದೆಯೋ ಅವನಿಗೂ ಕೇಡಾಗದಿರಲಿ ಎಂಬ ಬೇಡಿಕೆ. ಅಗೆಯುವುದು ಒಂದು ಅಪರಾಧವೆಂಬ ಅಳುಕಿಲ್ಲದಿದ್ದರೆ ಈ ಬೇಡಿಕೆಗೆ ಕಾರಣವೇ ಇರುತ್ತಿರಲಿಲ್ಲ. ಚರಕಸಂಹಿತೆಯ ಕೊನೆಯ ಭಾಗಗಳಲ್ಲಿ ಒಂದಾದ, ದೃಢಬಲನು ಪೂರ್ತಿಗೊಳಿಸಿದ ಕಲ್ಪಸ್ಥಾನದಲ್ಲಿ ಮೂಲಿಕೆ ತರುವವನು ಉಪವಾಸವಿದ್ದು, ಬಿಳಿಯ ಬಟ್ಟೆ ಉಟ್ಟು, ದೇವತೆಗಳನ್ನೂ ಅಶ್ವಿನಿಗಳನ್ನೂ ಪೂಜಿಸಿ, ಪೂರ್ವಕ್ಕೋ ಉತ್ತರಕ್ಕೋ ಮುಖ ಮಾಡಿ ತರಬೇಕೆಂಬ ವಿಧಿಯೂ, ಎಲೆ ಮತ್ತು ಕೊಂಬೆಗಳನ್ನು ಮಳೆಗಾಲ ಹಾಗೂ ವಸಂತದಲ್ಲಿ, ಬೇರನ್ನು ಬೇಸಿಗೆ ಇಲ್ಲವೇ ಶಿಶಿರದಲ್ಲಿ, ತೊಗಟೆ, ಗೆಡ್ಡೆ ಮತ್ತು ಹಾಲನ್ನು ಶರದೃತುವಿನಲ್ಲಿ ತೆಗೆಯಬೇಕೆಂಬ ವಿಧಿಯೂ ಅಕ್ಕಪಕ್ಕದಲ್ಲಿಯೇ ಇವೆ. ಒಂದನ್ನು ಮತಾಚಾರವೆಂದೂ ಇನ್ನೊಂದನ್ನು ವಿಜ್ಞಾನವೆಂದೂ ಗೆರೆ ಎಳೆಯುವ ಅಗತ್ಯ ಗ್ರಂಥಕಾರನಿಗೆ ಕಂಡಿಲ್ಲ.

ಕರಾವಳಿಯ ತುಳುನಾಡಿನಲ್ಲಿ ಆಟಿ ಅಮಾವಾಸ್ಯೆಯ ದಿನ ನಡೆಯುವ ಆಚರಣೆಯಲ್ಲಿ ಈ ಗೆರೆಯಿಲ್ಲದ ಲೋಕವನ್ನು ಹತ್ತಿರದಿಂದ ನೋಡಬಹುದು. ಸೂರ್ಯ ಹುಟ್ಟುವ ಮೊದಲೇ ಪಾಲೆ ಮರದ ಬುಡಕ್ಕೆ ಹೋಗಿ, ಕತ್ತಿಯನ್ನು ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆಯನ್ನು ತೆಗೆದು, ಅದರ ರಸಕ್ಕೆ ಕಾಳುಮೆಣಸು, ಬೆಳ್ಳುಳ್ಳಿ, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಗಲ್ಲನ್ನು ಅದರೊಳಗೆ ಹಾಕಿ ಒಗ್ಗರಿಸಿ, ಮನೆಮಂದಿಯೆಲ್ಲ ಬರಿಹೊಟ್ಟೆಯಲ್ಲಿ ಕುಡಿಯುತ್ತಾರೆ. ಅತಿಯಾದ ಕಹಿಯೂ ಉಷ್ಣವೂ ಆದ ಆ ಕಷಾಯದ ಮೇಲೆ ತಂಪಿಗೆಂದು ಮೆಂತ್ಯದ ಗಂಜಿ ಉಣ್ಣುತ್ತಾರೆ. ಆ ಒಂದು ದಿನ ಮರದಲ್ಲಿ ಎಲ್ಲ ಮದ್ದುಗಳೂ ಬಂದು ನೆಲೆಸುತ್ತವೆಂಬುದು ಜನರ ನಂಬಿಕೆ. ನಂಬಿಕೆಯ ಮಾತು ಹೇಗೇ ಇರಲಿ, ಆಚರಣೆಯ ಪ್ರತಿ ಹಂತದಲ್ಲಿಯೂ ಯುಕ್ತಿಯ ಅಂಶಗಳು ಕಾಣಿಸುತ್ತವೆ: ಕಾಲ ಗೊತ್ತಾಗಿದೆ, ಸಂಯೋಗ ಗೊತ್ತಾಗಿದೆ, ಪ್ರಮಾಣ ಗೊತ್ತಾಗಿದೆ, ಅನಂತರದ ಪಥ್ಯವೂ ಗೊತ್ತಾಗಿದೆ. ಗೊತ್ತಿಲ್ಲದವನು ಕತ್ತಲಲ್ಲಿ ಪಾಲೆಯೆಂದು ಕಾಸರಕದ ತೊಗಟೆಯನ್ನು ಕಿತ್ತು ತಂದರೆ ಪ್ರಾಣಕ್ಕೇ ಎರವು, ಏಕೆಂದರೆ ಅದರಲ್ಲಿ ಸ್ಟ್ರಿಕ್ನಿನ್ ಮತ್ತು ಬ್ರೂಸಿನ್ ಎಂಬ ವಿಷಗಳಿವೆ. ಹಿಂದಿನ ದಿನವೇ ಹೋಗಿ ಮರವನ್ನು ಗುರುತಿಸಿ ಇಡಬೇಕೆಂಬ ಹಿರಿಯರ ಎಚ್ಚರಿಕೆಯೂ ಆಚರಣೆಯ ಭಾಗವೇ.

ದೇವತೆಯೆಂದು ಪೂಜಿಸಿ ಕೀಳುವುದಕ್ಕೂ, ಜೀವಿಯೆಂದು ತಿಳಿದು ಕೀಳಲು ಹಿಂಜರಿಯುವುದಕ್ಕೂ ಅಂತರವಿದೆ. ಸಸ್ಯಕ್ಕೆ ಒಳಗಿನ ಅರಿವೂ ಸುಖದುಃಖಗಳೂ ಇವೆಯೆಂದು ಮನುಸ್ಮೃತಿಯ ಮೊದಲ ಅಧ್ಯಾಯ ಹೇಳುತ್ತದೆ. ಮಹಾಭಾರತದ ಶಾಂತಿಪರ್ವದಲ್ಲಿ ಭೃಗುವು ಮರಗಳು ಕೇಳುತ್ತವೆ, ನೋಡುತ್ತವೆ, ವಾಸನೆಯನ್ನು ಗ್ರಹಿಸುತ್ತವೆ ಎಂದು ಭರದ್ವಾಜನಿಗೆ ವಾದಿಸಿ ತೋರಿಸುತ್ತಾನೆ. ಆದರೆ ಆ ಗ್ರಂಥಗಳು ಇದರಿಂದ ಔಷಧಸೇವನೆಗೆ ಯಾವ ಅಡ್ಡಿಯನ್ನೂ ತರಲಿಲ್ಲ. ಅಡ್ಡಿಯನ್ನು ತಂದವರು ಜೈನರು. ಆಚಾರಾಂಗಸೂತ್ರದ ಮೊದಲ ಅಧ್ಯಾಯವು ಮನುಷ್ಯನನ್ನೂ ಸಸ್ಯವನ್ನೂ ಅಕ್ಕಪಕ್ಕದಲ್ಲಿರಿಸಿ, ಇಬ್ಬರೂ ಹುಟ್ಟುತ್ತಾರೆ, ಬೆಳೆಯುತ್ತಾರೆ, ಆಹಾರ ತೆಗೆದುಕೊಳ್ಳುತ್ತಾರೆ, ಕಡಿದರೆ ಬಾಡುತ್ತಾರೆ ಎಂದು ಸಾಲುಸಾಲಾಗಿ ಹೋಲಿಸುತ್ತದೆ. ಜೈನದರ್ಶನದಲ್ಲಿ ಸಸ್ಯವು ಸ್ಪರ್ಶವೊಂದನ್ನೇ ಉಳ್ಳ ಏಕೇಂದ್ರಿಯ ಜೀವ. ಅದರಲ್ಲಿಯೂ ಒಂದು ದೇಹದಲ್ಲಿ ಒಂದೇ ಜೀವವಿರುವ ಪ್ರತ್ಯೇಕವೆಂದೂ, ಒಂದೇ ದೇಹದಲ್ಲಿ ಅನಂತ ಜೀವಗಳು ಕೂಡಿ ವಾಸಿಸುವ ಸಾಧಾರಣವೆಂದೂ ಎರಡು ಬಗೆ. ಹಸಿಶುಂಠಿ, ಹಸಿಅರಿಸಿನದಂಥ ಗೆಡ್ಡೆಗಳು ಎರಡನೆಯ ಬಗೆಗೆ ಸೇರುವುದರಿಂದ ಅವು ವ್ರತಸ್ಥರಿಗೆ ನಿಷಿದ್ಧ. ಅದೇ ಗೆಡ್ಡೆಯು ಒಣಗಿ ಒಣಶುಂಠಿಯಾದಾಗ, ಅರಿಸಿನ ಪುಡಿಯಾದಾಗ ಜೀವರಹಿತವಾಗುವುದರಿಂದ ಬಹುಮಂದಿ ಜೈನರಿಗೆ ಅದು ಗ್ರಾಹ್ಯ. ವಸ್ತು ಒಂದೇ, ರೋಗಕ್ಕೆ ಎರಡೂ ಒದಗುತ್ತವೆ. ಆದರೂ ಸ್ಥಿತಿಭೇದದಿಂದ ಒಂದು ಪಾಪ, ಇನ್ನೊಂದು ಪಥ್ಯ. ಒಣಗಿಸಿದವನ ಪಾಪದ ಗತಿಯೇನೆಂಬ ಪ್ರಶ್ನೆಯನ್ನು ಹೊರಗಿನವರು ಕೇಳುವುದುಂಟು. ಗೃಹಸ್ಥನಿಗೆ ಅಣುವ್ರತ, ಯತಿಗೆ ಮಹಾವ್ರತ ಎಂಬ ಮೆಟ್ಟಿಲುಗಳಲ್ಲಿ ಜೈನಧರ್ಮ ಆ ಭಾರವನ್ನು ಹಂಚಿದೆ.

ಬೌದ್ಧ ಸಂಘವು ಇದೇ ಇಕ್ಕಟ್ಟನ್ನು ಬೇರೆ ರೀತಿಯಲ್ಲಿ ಬಿಡಿಸಿಕೊಂಡಿತು. ಬೆಳೆಯುವ ಸಸ್ಯವನ್ನು ನಾಶಮಾಡುವುದು ಭಿಕ್ಷುವಿಗೆ ಪಾಚಿತ್ತಿಯ, ಎಂದರೆ ಪ್ರಾಯಶ್ಚಿತ್ತ ಬೇಡುವ ದೋಷ. ಅದೇ ವಿನಯಪಿಟಕದಲ್ಲಿ ಕಾಯಿಲೆಯ ಭಿಕ್ಷುವಿಗೆ ಅರಿಸಿನ, ಶುಂಠಿ, ಬಜೆ, ಲಾವಂಚ ಮೊದಲಾದ ಬೇರುಗಳನ್ನೂ ಬೇವು, ತುಳಸಿ ಮೊದಲಾದ ಎಲೆಗಳನ್ನೂ ಔಷಧವಾಗಿ ಅನುಮತಿಸಲಾಗಿದೆ. ಕೀಳುವುದು ತಪ್ಪು, ಕೊಟ್ಟದ್ದನ್ನು ಸೇವಿಸುವುದು ತಪ್ಪಲ್ಲ.

ಕರ್ನಾಟಕದ ವೈದ್ಯಸಾಹಿತ್ಯ ಬಹುಭಾಗ ಜೈನರ ಕೈಯಲ್ಲಿ ಬೆಳೆದದ್ದರಿಂದ ಈ ಪ್ರಶ್ನೆ ಇಲ್ಲಿ ಬರಿಯ ತತ್ತ್ವಚರ್ಚೆಯಾಗಿ ಉಳಿಯದೆ ಔಷಧ ತಯಾರಿಕೆಯ ಸಮಸ್ಯೆಯಾಯಿತು. ಒಂಬತ್ತನೆಯ ಶತಮಾನದಲ್ಲಿ ಉಗ್ರಾದಿತ್ಯನು ಸಂಸ್ಕೃತದಲ್ಲಿ ರಚಿಸಿದ ಕಲ್ಯಾಣಕಾರಕವು ಮದ್ಯ, ಮಾಂಸ, ಜೇನುಗಳನ್ನು ಬಿಟ್ಟು ಚಿಕಿತ್ಸೆಯನ್ನು ಹೇಳಲು ಹೊರಟ ಗ್ರಂಥ. ಮಾಂಸವು ಔಷಧವಾಗಲಾರದೆಂದು ವಾದಿಸುವ ಹಿತಾಹಿತಾಧ್ಯಾಯವೆಂಬ ಭಾಗವನ್ನು ಅವನು ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಸಭೆಯಲ್ಲಿ ಪ್ರತಿಪಾದಿಸಿದನೆಂದು ಗ್ರಂಥದಿಂದಲೇ ತಿಳಿಯುತ್ತದೆ. ಹನ್ನೆರಡನೆಯ ಶತಮಾನದ ಜಗದ್ದಳ ಸೋಮನಾಥನು ಪೂಜ್ಯಪಾದರ ಕಲ್ಯಾಣಕಾರಕವನ್ನು ಕನ್ನಡಕ್ಕೆ ತಂದಾಗ ಅದೇ ನಿಯಮವನ್ನು ಪಾಲಿಸಿದನು. ಮಾಂಸ ಮದ್ಯಗಳನ್ನು ಬಿಡುವುದು ಗಿಡಮೂಲಿಕೆಯ ವೈದ್ಯನಿಗೆ ಕಷ್ಟವೇನಲ್ಲ. ಜೇನನ್ನು ಬಿಡುವುದು ಕಷ್ಟ, ಏಕೆಂದರೆ ಆಯುರ್ವೇದದಲ್ಲಿ ಅದು ಯೋಗವಾಹಿ, ಅಂದರೆ ಯಾವ ಮದ್ದಿನೊಡನೆ ಕೂಡಿತೋ ಅದರ ಗುಣವನ್ನು ಹೊತ್ತು ಸಾಗಿಸುವ ವಸ್ತು, ಮತ್ತು ನೂರಾರು ಚೂರ್ಣಗಳಿಗೆ ಅದೇ ಅನುಪಾನ. ಅದನ್ನು ಕೈಬಿಡುವ ಮೂಲಕ ಈ ಗ್ರಂಥಕಾರರು ಒಂದು ಗಂಭೀರ ನಿಲುವನ್ನು ತಾಳಿದರು: ಗುಣವಿದ್ದ ಮಾತ್ರಕ್ಕೆ ಎಲ್ಲ ದ್ರವ್ಯವೂ ಔಷಧವಾಗದು, ಆ ಗುಣವನ್ನು ಪಡೆಯುವ ದಾರಿಯಲ್ಲಿ ಯಾರಿಗೆ ನೋವಾಯಿತೆಂಬುದೂ ಔಷಧದ ಲಕ್ಷಣದೊಳಗೆ ಸೇರುತ್ತದೆ. ಚರಕನ ಯುಕ್ತಿಯಲ್ಲಿ ರೋಗಿಯ ದೇಹ, ದೇಶ, ಕಾಲಗಳಿಗೆ ಜಾಗವಿತ್ತು, ಕೀಳಲ್ಪಟ್ಟದ್ದಕ್ಕೆ ಇರಲಿಲ್ಲ.

ಕೀಳಲ್ಪಟ್ಟದ್ದರ ಲೆಕ್ಕ ಇಂದು ಧರ್ಮಶಾಸ್ತ್ರದ ಹೊರಗೂ ಎದುರಾಗಿದೆ. ದಶಮೂಲವೆಂಬ ಹತ್ತು ಬೇರುಗಳ ಗುಂಪಿನಲ್ಲಿ ಬಿಲ್ವ, ತಗ್ಗಿ, ಶಿವನೆ, ಆನೆಮುಂಗು, ಪಾದರಿ ಎಂಬ ಐದು ಮರಜಾತಿಯವು. ಬೇರೇ ಬೇಕೆಂದರೆ ಒಂದು ಸಲದ ಕಷಾಯಕ್ಕೆ ಒಂದು ಮರದ ಆಯುಷ್ಯವನ್ನು ತೆರಬೇಕು. ಪಶ್ಚಿಮಘಟ್ಟದ ಕಾಡುಗಳಲ್ಲಿ ತೊಗಟೆಗಾಗಿ ಸುಲಿಸಿಕೊಂಡು ವಿರಳವಾಗುತ್ತಿರುವ ನಿಜವಾದ ಅಶೋಕದ ಬದಲಿಗೆ, ಬೆಂಗಳೂರಿನ ಬೀದಿಬದಿಯಲ್ಲಿ ಕಂಬದಂತೆ ನಿಲ್ಲುವ ಮದ್ರಾಸ್ ಅಶೋಕದ ತೊಗಟೆಯನ್ನು ಕಲಬೆರಕೆ ಮಾಡಿ ಮಾರುವುದು ಮೂಲಿಕೆಯ ಪೇಟೆಯಲ್ಲಿ ಹೊಸದೇನಲ್ಲ. ಕೊರತೆಯ ಸಮಸ್ಯೆಯಾದರೂ ಹೊಸದಲ್ಲ: ಹದಿನಾರನೆಯ ಶತಮಾನದ ಭಾವಮಿಶ್ರನು ತನ್ನ ಭಾವಪ್ರಕಾಶದಲ್ಲಿ, ಅಷ್ಟವರ್ಗವೆಂಬ ಎಂಟು ಮೂಲಿಕೆಗಳು ರಾಜರಿಗೂ ದುರ್ಲಭವಾಗಿವೆಯೆಂದು ಹೇಳಿ, ಮೇದಾ ಮಹಾಮೇದಾಗಳ ಸ್ಥಾನದಲ್ಲಿ ಶತಾವರಿಯನ್ನೂ, ಕಾಕೋಲಿ ಕ್ಷೀರಕಾಕೋಲಿಗಳ ಸ್ಥಾನದಲ್ಲಿ ಅಶ್ವಗಂಧವನ್ನೂ ಬಳಸಬೇಕೆಂದು ಪ್ರತಿನಿಧಿದ್ರವ್ಯಗಳನ್ನು ಗೊತ್ತುಮಾಡಿದನು. ಔಷಧತ್ವವು ಗಿಡದ ಹೆಸರಿನಲ್ಲಿಲ್ಲ, ಅದು ಮಾಡುವ ಕೆಲಸದಲ್ಲಿದೆ ಎಂಬ ಯುಕ್ತಿವಾದಕ್ಕೆ ಇದು ಪೂರ್ಣ ಒಪ್ಪಿಗೆಯಂತೆ ತೋರುತ್ತದೆ. ಆದರೆ ಭಾವಮಿಶ್ರನು ಅಲ್ಲಿಗೆ ನಿಲ್ಲದೆ, ಪ್ರತಿನಿಧಿಯು ಯೋಗದೊಳಗಿನ, ಅಂದರೆ ಹಲವು ದ್ರವ್ಯಗಳನ್ನು ಕೂಡಿಸಿದ ಮದ್ದಿನೊಳಗಿನ, ಅಪ್ರಧಾನ ದ್ರವ್ಯಕ್ಕೆ ಮಾತ್ರ ಸಲ್ಲುತ್ತದೆ, ಪ್ರಧಾನ ದ್ರವ್ಯದ ಜಾಗದಲ್ಲಿ ಅದರಂತೆಯೇ ಇರುವ ಇನ್ನೊಂದನ್ನೂ ತೆಗೆದುಕೊಳ್ಳಬಾರದು ಎಂಬ ನಿಯಮವನ್ನೂ ಹಾಕಿದ್ದಾನೆ. ಈ ನಿಯಮದ ಪ್ರಕಾರ ದಶಮೂಲದಂಥ ಗುಂಪಿನಲ್ಲಿ ಒಂದಿಷ್ಟು ಮಾತುಕತೆಗೆ ಎಡೆಯುಂಟು, ಮತ್ತು ಬೇರಿನ ಬದಲು ಕೊಂಬೆಯ ತೊಗಟೆಯನ್ನು ಬಳಸಬಹುದೇ ಎಂಬ ಚರ್ಚೆ ಈಗ ನಡೆಯುತ್ತಲೂ ಇದೆ. ಅಶೋಕಾರಿಷ್ಟದಲ್ಲಿ ಅಶೋಕವೇ ಪ್ರಧಾನವಾದ್ದರಿಂದ, ಕಾಡಿನಲ್ಲಿ ಆ ಮರ ಮುಗಿದ ದಿನ ಗ್ರಂಥದ ಪಾಠ ಎಷ್ಟೇ ಶುದ್ಧವಾಗಿ ಉಳಿದಿದ್ದರೂ ಅಶೋಕಾರಿಷ್ಟವನ್ನು ತಯಾರಿಸಲು ಶಾಸ್ತ್ರದ ಒಪ್ಪಿಗೆ ಇರುವುದಿಲ್ಲ.